ಹೂಕೋಸಿಗೆ ಮುಖವಾಡವೇಕೆ?



ಹೂಕೋಸನ್ನು ತುರಿದು, ಬೇಯಿಸಿ, ಬಟ್ಟೆಯಲ್ಲಿ ಹಿಂಡಿ, ಮೊಟ್ಟೆ ಚೀಸ್ ಬೆರೆಸಿ ತಟ್ಟಿ, ಓವನ್‌ನಲ್ಲಿ ಸುಟ್ಟು, ಮೇಲೆ ಟೊಮೆಟೊ ಸಾಸ್ ಹರಡಿದರೆ ಈಗ ಅದಕ್ಕೂ ಪಿಜ್ಜಾ ಎಂಬ ಹೆಸರು. ನಮ್ಮ ಕೂಟಗಳಲ್ಲಿ ಮಕ್ಕಳ ಊಟದ ಪಟ್ಟಿಗೂ ಅದು ಬಂದಿದೆ. ಮೈದಾ ಕಡಿಮೆಯಾಗಲೆಂಬ ಕಾಳಜಿ ಒಳ್ಳೆಯದೇ. ಆದರೆ ಆ ಕಾಳಜಿಯ ಹೆಸರಿನಲ್ಲಿ ನಡೆಯುವ ವೇಷಗಾರಿಕೆಯನ್ನು ನಾವು ಒಪ್ಪಲಾರೆವು.

ಪಿಜ್ಜಾದ ತಳಕ್ಕೆ ಜೀವ ಕೊಡುವುದು ಗೋಧಿಯ ಗ್ಲುಟೆನ್. ನೀರು ಸೇರಿಸಿ ನಾದಿದಾಗ ಅದು ಜಾಲ ಕಟ್ಟುತ್ತದೆ. ಯೀಸ್ಟ್ ಹೊರಬಿಡುವ ಅನಿಲವನ್ನು ಆ ಜಾಲ ಹಿಡಿದಿಡುವುದರಿಂದ ಹಿಟ್ಟು ಉಬ್ಬುತ್ತದೆ. ನೇಪಲ್ಸಿನ ಪಿಜ್ಜಾ ಬಾಣಸಿಗರ ಕಲೆಯನ್ನು ಯುನೆಸ್ಕೊ 2017ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಸುಮ್ಮನೆ ಅಲ್ಲ. ಹೂಕೋಸಿನಲ್ಲಿ ಗ್ಲುಟೆನ್ ಇಲ್ಲ. ಅದರ ತೂಕದಲ್ಲಿ ಶೇಕಡ 90ಕ್ಕೂ ಹೆಚ್ಚು ನೀರು. ಅದನ್ನು ಒಂದಾಗಿ ಹಿಡಿದಿಡಲು ಮನೆಯಲ್ಲಿ ಮೊಟ್ಟೆ ಮತ್ತು ಚೀಸ್ ಬೇಕು. ಅಂಗಡಿಯ ಪೊಟ್ಟಣಗಳಲ್ಲಾದರೆ ಎಷ್ಟೋ ವೇಳೆ ಅಕ್ಕಿ ಹಿಟ್ಟು, ಮುಸುಕಿನ ಜೋಳದ ಪಿಷ್ಟ, ಮರಗೆಣಸಿನ ಪಿಷ್ಟ ಸೇರಿರುತ್ತವೆ. 100 ಗ್ರಾಂ ಹಸಿ ಹೂಕೋಸಿನಲ್ಲಿ ಸುಮಾರು 5 ಗ್ರಾಂ ಕಾರ್ಬೋಹೈಡ್ರೇಟ್; ಅಷ್ಟೇ ಮೈದಾದಲ್ಲಿ 75 ಗ್ರಾಂ ಆಸುಪಾಸು. ಈ ಅಂತರವನ್ನಷ್ಟೇ ನಂಬಿ ಪೊಟ್ಟಣ ಕೊಳ್ಳುವ ಮಧುಮೇಹಿ ಹಿರಿಯರು ತಮಗರಿವಿಲ್ಲದೆ ಅಕ್ಕಿಯನ್ನೇ ತಿನ್ನುತ್ತಿರಬಹುದು.

ಗ್ಲುಟೆನ್ ಒಗ್ಗದ ಸೀಲಿಯಾಕ್ ರೋಗಿಗಳಿಗೆ ಇದು ವರವಲ್ಲವೇ ಎಂದು ಕೇಳುವವರಿದ್ದಾರೆ. ಗೆಳೆಯರ ಹುಟ್ಟುಹಬ್ಬದಲ್ಲಿ ಎಲ್ಲರಂತೆ ತಾನೂ ಒಂದು ತುಂಡು ತಿನ್ನುವ ಮಗುವಿನ ಸಂತೋಷಕ್ಕೆ ನಾವು ಅಡ್ಡ ಬರುವುದಿಲ್ಲ. ಆದರೆ ಹೂಕೋಸು ಎಂಬ ಹೆಸರೊಂದೇ ಆ ಮಗುವಿಗೆ ರಕ್ಷೆಯಾಗದು. ಅಂಟಿಗೆಂದು ಒಂದು ಹಿಡಿ ಗೋಧಿ ಹಿಟ್ಟು ಬೆರೆತರೂ, ಮೈದಾ ಉದುರಿದ ಹಲಗೆಯ ಮೇಲೆಯೇ ತಟ್ಟಿದರೂ ಅಪಾಯ ತಪ್ಪಿದ್ದಲ್ಲ.

ನಮ್ಮ ಮುಖ್ಯ ಆಕ್ಷೇಪ ಇನ್ನೊಂದಿದೆ. ‘ಗೊತ್ತಾಗದ ಹಾಗೆ ತರಕಾರಿ ತಿನ್ನಿಸಿದೆವು’ ಎಂದು ಹೆಮ್ಮೆಪಡುವಾಗ, ತರಕಾರಿಯೆಂದರೆ ಬಚ್ಚಿಡಬೇಕಾದ ವಸ್ತು ಎಂಬ ಪಾಠವನ್ನೇ ಮಕ್ಕಳಿಗೆ ಕಲಿಸುತ್ತಿದ್ದೇವೆ. ಕನ್ನಡಿಗರ ಅಡುಗೆಮನೆಗೆ ಈ ಸಂಕೋಚ ಹೊಸತು. ಅಕ್ಕಿ ರೊಟ್ಟಿಯಲ್ಲಿ ಸಬ್ಬಸಿಗೆ ಸೊಪ್ಪು, ಕ್ಯಾರೆಟ್ ತುರಿ ಕಣ್ಣಿಗೆ ಕಾಣುವಂತೆಯೇ ಇರುತ್ತವೆ. ಸೌತೆಕಾಯಿ ರೊಟ್ಟಿಯಂತೂ ತರಕಾರಿಯ ಹೆಸರನ್ನೇ ಹೊತ್ತಿದೆ. ಅಕ್ಕಿ ರೊಟ್ಟಿಯಲ್ಲಿ ಪಿಷ್ಟವಿಲ್ಲವೇ? ಧಾರಾಳವಾಗಿ ಇದೆ; ಆದರೆ ಅದು ತನ್ನ ಹೆಸರಿನಲ್ಲೇ ಆ ಸತ್ಯವನ್ನು ಸಾರುತ್ತದೆ. ಇಟಲಿಯವರೂ ಬದನೆಕಾಯಿ, ಟೊಮೆಟೊ, ಚೀಸ್‌ಗಳನ್ನು ಪದರಪದರವಾಗಿ ಜೋಡಿಸಿ ಬೇಯಿಸುತ್ತಾರೆ. ಅದನ್ನು ಪಾರ್ಮಿಜಾನ ಎಂದು ಕರೆಯುತ್ತಾರೆಯೇ ಹೊರತು ಪಿಜ್ಜಾ ಎನ್ನುವುದಿಲ್ಲ.

ಆದುದರಿಂದ ನಮ್ಮ ಆಗ್ರಹ ಇಷ್ಟೇ. ಕೂಟದ ಊಟದ ಮೇಜಿನಲ್ಲಿ ಪ್ರತಿ ಖಾದ್ಯದ ಮುಂದೆ ಅದರ ಪದಾರ್ಥಗಳ ಚೀಟಿ ಇರಲಿ. ಪಿಜ್ಜಾ ಬೇಕೆನಿಸಿದಾಗ ಹದವಾಗಿ ಹುದುಗು ಬಂದ ಗೋಧಿಯ ಪಿಜ್ಜಾವನ್ನು, ಅದು ಒಗ್ಗುವವರು ಮಿತವಾಗಿ ತಿನ್ನೋಣ. ಹೂಕೋಸನ್ನು ಹೂಕೋಸೆಂದೇ ಬಡಿಸೋಣ. ಸಾಸಿವೆ, ಕರಿಬೇವಿನ ಒಗ್ಗರಣೆ ಬಿದ್ದರೆ ಮಕ್ಕಳು ಅದನ್ನು ಅದರ ಹೆಸರು ಹಿಡಿದೇ ಕೇಳಿ ಹಾಕಿಸಿಕೊಂಡಾರು.