ಮನೆಯಲ್ಲಿ ಕಂಡ ಚಿತ್ರವೂ ಬಾಯಿಗೆ ಬಂದ ಮಾತೂ

ಗುಂಡ್ಲುಪೇಟೆಯಲ್ಲಿ ವಿದ್ಯಾವಂತರ ಮನೆಯೊಂದಕ್ಕೆ ಸಂಜೆಯ ಹೊತ್ತು ಹೋದವರಿಗೆ ಕಾಫಿಯ ಲೋಟದೊಡನೆ ಈಚೆಗೆ ಮತ್ತೊಂದು ಉಪಚಾರವೂ ದೊರೆಯುತ್ತದೆ. ಅದು, ಆ ಮನೆಯವರು ಕಳೆದ ವಾರ ಮನೆಯಲ್ಲಿಯೇ ಕುಳಿತು ನೋಡಿದ ಚಲಚ್ಚಿತ್ರಗಳ ವಿಚಾರವಾದ ತೀರ್ಪು. ತೀರ್ಪು ಬಹು ಚಿಕ್ಕದು. “ಪರವಾಗಿಲ್ಲ”, “ಒಂದು ಸಲ ನೋಡಬಹುದು”, “ಬರೀ ಎಳೆದಿದ್ದಾರೆ”, “ಹತ್ತಕ್ಕೆ ಆರು” — ಇವುಗಳಲ್ಲಿ ಯಾವುದಾದರೊಂದು. ಆರು ಬಂದುದು ಏತಕ್ಕೆ, ಉಳಿದ ನಾಲ್ಕು ಎಲ್ಲಿ ಹೋಯಿತು ಎಂದು ಅತಿಥಿಯು ಕೇಳುವ ವಾಡಿಕೆಯಿಲ್ಲ. ಕೇಳಿದರೆ ಆತಿಥ್ಯಕ್ಕೆ ಭಂಗ.

ಈ ತೀರ್ಪಿನ ಹಿಂದೆ ನಡೆದ ವಿಚಾರಣೆ ಎಂತಹುದೆಂಬುದನ್ನು ವಾಚಕರು ಬಲ್ಲರು. ಸೋಮವಾರ ಊಟವಾದ ಮೇಲೆ ಚಿತ್ರ ಮೊದಲಾಗುತ್ತದೆ. ಅರ್ಧ ಗಂಟೆಯಲ್ಲಿ ಯಜಮಾನರ ಕೈಗೆ ಮೊಬೈಲು ಬರುತ್ತದೆ. ಯಜಮಾನಿತಿಗೆ ಹಾಲಿಗೆ ಹೆಪ್ಪುಹಾಕುವ ನೆನಪಾಗುತ್ತದೆ. ಉಳಿದುದು ಬುಧವಾರಕ್ಕೆ. ಹಾಡುಗಳನ್ನು ಮಗನು ಬೆರಳಿನಿಂದ ಮುಂದಕ್ಕೆ ತಳ್ಳುತ್ತಾನೆ. ಮಾತಿಲ್ಲದ ಸ್ಥಳಗಳೂ ಅವುಗಳೊಡನೆ ಹೋಗುತ್ತವೆ. ಕೊನೆಯ ಭಾಗವನ್ನು ಒಬ್ಬರು ತೂಕಡಿಸುತ್ತ ನೋಡಿ, ಬೆಳಗ್ಗೆ ಉಳಿದವರಿಗೆ ಕಥೆ ಹೇಳುತ್ತಾರೆ. ಮೊಕದ್ದಮೆಯ ಅರ್ಧ ಸಾಕ್ಷ್ಯವನ್ನು ಕೇಳದೆ, ಉಳಿದರ್ಧವನ್ನು ಕಣ್ಣು ಮುಚ್ಚಿ ಕೇಳಿ ತೀರ್ಪು ಬರೆದ ಮುನಸೀಫನೊಬ್ಬನಿದ್ದರೆ ಅವನನ್ನು ಇದೇ ಗೃಹಸ್ಥರು ಏನೆಂದು ಕರೆದಾರು?

ಮನೆಯ ಹರಟೆಗೆ ನ್ಯಾಯಸ್ಥಾನದ ಕಟ್ಟಳೆಗಳೇಕೆ, ದಣಿದು ಬಂದವರು ಎರಡು ಗಳಿಗೆ ನೋಡಿ ಎರಡು ಮಾತನಾಡಿದರೆ ಯಾರ ಗಂಟು ಹೋಯಿತು ಎಂದು ಆಕ್ಷೇಪಿಸುವವರುಂಟು. ಗಂಟು ಹೋಗುತ್ತಿರುವುದೇನೋ ನಿಜ; ಯಾರದೆಂಬುದನ್ನು ಮಾತ್ರ ಹೇಳಬೇಕಾಗಿದೆ. 1934ರಲ್ಲಿ ‘ಸತಿ ಸುಲೋಚನ’ ತೆರೆಗೆ ಬಂದಂದಿನಿಂದ ಬಹುಕಾಲದವರೆಗೆ ಕನ್ನಡ ಚಿತ್ರದ ಹಣೆಬರಹವನ್ನು ಬರೆಯುತ್ತಿದ್ದುದು ಟಿಕೆಟ್ಟಿನ ಕಿಂಡಿ. ದುಡ್ಡು ಕೊಟ್ಟು ಒಳಹೊಕ್ಕವನು ಕತ್ತಲೆಯಲ್ಲಿ ಕುಳಿತಿರಲೇಬೇಕು. ಅರ್ಧಕ್ಕೆ ಎದ್ದರೆ ಹಣ ಹಿಂದಕ್ಕೆ ಬಾರದು. 2020ರ ಜುಲೈ ತಿಂಗಳಿನಲ್ಲಿ, ಸಾಂಕ್ರಾಮಿಕದ ದೆಸೆಯಿಂದ ಚಿತ್ರಮಂದಿರಗಳು ಬಾಗಿಲು ಹಾಕಿಕೊಂಡಿದ್ದಾಗ, ಪುನೀತ್ ರಾಜ್‌ಕುಮಾರ್ ಅವರ ಸಂಸ್ಥೆಯು ತಯಾರಿಸಿದ ‘ಲಾ’ ಎಂಬ ಚಿತ್ರವು ನೇರವಾಗಿ ಮನೆಗಳಿಗೇ ಬಂದಿತು. ಅಂದಿನಿಂದ ಆ ಕಿಂಡಿಯು ನಡುಮನೆಯಲ್ಲಿಯೇ ಬಂದು ಕುಳಿತಂತಾಗಿದೆ. ಯಾರು ಎಷ್ಟು ಹೊತ್ತು ನೋಡಿದರು, ಎಲ್ಲಿಗೆ ಬಿಟ್ಟು ಎದ್ದರು ಎಂಬುದಕ್ಕೆ ಚಿತ್ರ ಒದಗಿಸುವ ಕಂಪೆನಿಗಳಲ್ಲಿ ಲೆಕ್ಕವಿರುತ್ತದೆ. ಕನ್ನಡದ ಕೃತಿಗಳನ್ನು ಕೊಳ್ಳಲು ಅವು ಹಿಂಜರಿಯುತ್ತಿವೆಯೆಂಬ ದೂರು ಕೆಲವು ವರ್ಷಗಳಿಂದ ಕೇಳಿಬರುತ್ತಿದೆ. ಕರಾವಳಿಯ ಜೀವನವನ್ನು ಕುರಿತ ‘ಏಕಂ’ ಎಂಬ ಕಥಾಮಾಲಿಕೆಯು ಕೊಳ್ಳುವವರಿಲ್ಲದೆ ವರ್ಷಗಟ್ಟಲೆ ಕಾದು, ಕಡೆಗೆ ಅದರ ನಿರ್ಮಾಪಕರಾದ ರಕ್ಷಿತ್ ಶೆಟ್ಟಿಯವರು 2024ರ ಜುಲೈ ತಿಂಗಳಿನಲ್ಲಿ ತಮ್ಮದೇ ತಾಣವೊಂದನ್ನು ಏರ್ಪಡಿಸಿ ಅದನ್ನು ತೋರಿಸಬೇಕಾಯಿತು. ಹರಟೆಯಲ್ಲಿ ಹುಟ್ಟಿದ “ಕನ್ನಡದ್ದೇ? ಬೇಡ ಬಿಡಿ” ಎಂಬ ಮಾತು ವಾಟ್ಸಾಪಿನಲ್ಲಿ ಭಾವಮೈದುನನಿಗೂ ಅಲ್ಲಿಂದ ಅವನ ಕಛೇರಿಯವರಿಗೂ ಹೋಗಿ ಸೇರುವ ಕಾಲದಲ್ಲಿ, ಅದು ಹರಟೆಯಾಗಿಯೇ ಉಳಿಯಿತೆಂದು ನಂಬುವುದು ಕಷ್ಟ.

ಮನೆಯಲ್ಲಿ ಚಿತ್ರ ನೋಡುವುದೇ ಕೆಟ್ಟದ್ದೆಂದು ಇದರ ಅರ್ಥವಲ್ಲ. ಮೈಸೂರಿಗೆ 60 ಕಿಲೋಮೀಟರು ಹೋಗಿಬರಲಾರದ ಮುದುಕರಿಗೂ ಸಂಸಾರವಂದಿಗರಾದ ಹೆಂಗಸರಿಗೂ ಇದೊಂದು ಭಾಗ್ಯವೇ ಸರಿ. ಒಳ್ಳೆಯ ಚಿತ್ರಗಳೆನಿಸಿಕೊಂಡವು ತಾಲ್ಲೂಕಿನ ಊರುಗಳಿಗೆ ಬರುತ್ತಿದ್ದುದೇ ಅಪೂರ್ವ. ಆದರೆ ಭಾಗ್ಯವು ಹೊಸ್ತಿಲು ದಾಟಿ ಬಂದಾಗ ಅದಕ್ಕೆ ಮಣೆ ಹಾಕುವ ರೀತಿ ಇದಲ್ಲ. 1970ರ ‘ಸಂಸ್ಕಾರ’ ಚಿತ್ರವನ್ನು ಮದರಾಸಿನ ಸೆನ್ಸಾರ್ ಮಂಡಲಿಯವರು ಮೊದಲು ತಡೆದರು. ತಡೆ ನೀಗಿ ಹೊರಬಂದ ಮೇಲೆ ಅದು ಕನ್ನಡಕ್ಕೆ ಮೊದಲನೆಯ ಸ್ವರ್ಣಕಮಲವನ್ನು ತಂದಿತು. ಅದನ್ನು ವಿರೋಧಿಸಿದವರು ಸಹ ಅದನ್ನು ಹಗುರವಾಗಿ ಎಣಿಸಿರಲಿಲ್ಲ. “ಹತ್ತಕ್ಕೆ ಆರು” ಎಂಬುದು ನಿಷೇಧಕ್ಕಿಂತ ಸೌಮ್ಯವಾದುದೇನೋ ಹೌದು. ಆದರೆ ನಿಷೇಧದಲ್ಲಿ ಭಯವಾದರೂ ಇತ್ತು, ಇದರಲ್ಲಿ ಅದೂ ಇಲ್ಲ.

‘ತಿಥಿ’ ಎಂಬ ಚಿತ್ರದ ಪಾಡನ್ನು ನೋಡಬೇಕು. ರಾಮ್ ರೆಡ್ಡಿಯವರು ಮಂಡ್ಯದ ಸೀಮೆಯ ನೊದೆಕೊಪ್ಪಲಿನಲ್ಲಿ, ಎಂದೂ ಬಣ್ಣ ಹಚ್ಚದ ಹಳ್ಳಿಗರನ್ನೇ ನಿಲ್ಲಿಸಿ ತೆಗೆದ ಈ ಚಿತ್ರವು 2015ರಲ್ಲಿ ಸ್ವಿಟ್ಜರ್‌ಲೆಂಡಿನ ಲೊಕಾರ್ನೊ ಉತ್ಸವದಲ್ಲಿ ಬಹುಮಾನ ಪಡೆದು 2016ರಲ್ಲಿ ಇಲ್ಲಿ ತೆರೆಕಂಡಿತು. ನೂರು ದಾಟಿದ ಸೆಂಚುರಿ ಗೌಡನು ಸಾಯುತ್ತಾನೆ. ಹನ್ನೊಂದನೆಯ ದಿನದ ತಿಥಿಯೊಳಗಾಗಿ ಮೊಮ್ಮಗ ತಮ್ಮಣ್ಣನು ಮುದುಕನ ಜಮೀನನ್ನು ಮಾರಲು ಒದ್ದಾಡುತ್ತಾನೆ. ಯಾವುದೂ ಬೇಡವೆಂದು ಅಲೆಯುವ ತನ್ನ ತಂದೆ ಗಡ್ಡಪ್ಪನು ಬದುಕಿರುವಾಗಲೇ ಅವನು ಸತ್ತನೆಂದು ಕಾಗದ ಹುಟ್ಟಿಸುತ್ತಾನೆ. ಇದನ್ನು ನೋಡಿ “ಕಥೆಯೇ ಇಲ್ಲ, ಏನೂ ನಡೆಯುವುದೇ ಇಲ್ಲ” ಎಂದವರು ಒಬ್ಬಿಬ್ಬರಲ್ಲ. ಪೌತಿ ಖಾತೆಗಾಗಿ ತಾಲ್ಲೂಕು ಕಛೇರಿಯ ಮೆಟ್ಟಿಲನ್ನು ಸವೆಸಿದ, ದಾಯಾದಿಯ ರುಜುವಿಗಾಗಿ ಹಬ್ಬದ ದಿನವೂ ಕಾದು ಕುಳಿತ ಮನೆತನಗಳ ಬಾಯಲ್ಲಿ ಈ ಮಾತು ಬಂದರೆ ಏನೆಂದು ತಿಳಿಯಬೇಕು? ಅದೇ ಮನೆಯಲ್ಲಿ, 2021ರ ಮಲಯಾಳ ಚಿತ್ರವಾದ ‘ದಿ ಗ್ರೇಟ್ ಇಂಡಿಯನ್ ಕಿಚನ್’ನಲ್ಲಿ ಸೊಸೆಯೊಬ್ಬಳು ಹೆಚ್ಚುವುದು, ತೊಳೆಯುವುದು, ಎಂಜಲು ಬಳಿಯುವುದು ಇಷ್ಟನ್ನೇ ಬಹಳ ಹೊತ್ತು ತೋರಿಸಿದಾಗ, “ಎಷ್ಟು ಸಹಜ! ಮಲಯಾಳದವರನ್ನು ನೋಡಿ ಕಲಿಯಬೇಕು” ಎಂಬ ಮೆಚ್ಚುಗೆ. ಮೆಚ್ಚುಗೆ ನ್ಯಾಯವಾದುದೇ, ಆ ಚಿತ್ರ ಅದಕ್ಕೆ ತಕ್ಕದ್ದು. ನಿಧಾನವು ನೆರೆಯವರ ಭಾಷೆಯಲ್ಲಿದ್ದರೆ ಸಹಜತೆ, ಮನೆಯ ಭಾಷೆಯಲ್ಲಿದ್ದರೆ ಎಳೆತ — ಈ ಅಳತೆಗೋಲು ಮಾತ್ರ ನ್ಯಾಯವಾದುದಲ್ಲ.

‘ತಿಥಿ’ಯ ಮೇಲಿನ ಎರಡನೆಯ ದೂರು ಭಾಷೆಯದು: ಒರಟು, ಮಕ್ಕಳ ಮುಂದೆ ಹಾಕುವಂತಿಲ್ಲ. ಆ ಚಿತ್ರದಲ್ಲಿ ಬೈಗುಳ ಉಂಟು, ಅಲ್ಲಗಳೆಯುವಂತಿಲ್ಲ. ಆದರೆ ಬೈಗುಳವಿಲ್ಲದ ಮಾತಿಗೂ ಇದೇ ದೂರು ಬರುತ್ತದೆ. ಚಾಮರಾಜನಗರದ ಕಡೆಯ “ಕನಾ”, “ಬುಡು” ಎಂಬ ಮಾತು ತೆರೆಯ ಮೇಲೆ ಬಂದೊಡನೆ ನಡುಮನೆಯಲ್ಲಿ ನಗೆ ಏಳುತ್ತದೆ. ಚಿತ್ರದವರೂ ಈ ನಗೆಯನ್ನೇ ನಂಬಿ, ಈ ಸೀಮೆಯ ನುಡಿಯನ್ನು ವಿದೂಷಕನಿಗೂ ಮನೆಗೆಲಸದವನಿಗೂ ಗುತ್ತಿಗೆ ಕೊಟ್ಟಿದ್ದಾರೆ. ಹೊಲದ ಲೆಕ್ಕವನ್ನೂ ಹೆಣ್ಣು ನೋಡುವ ಮಾತುಕತೆಯನ್ನೂ ಸಾವಿನ ಅಳುವನ್ನೂ ಇದೇ ನುಡಿಯಲ್ಲಿ ನಡೆಸಿದ ಜನ, ಅದನ್ನು ತೆರೆಯ ಮೇಲೆ ಕೇಳಿ ನಕ್ಕರೆ, ಪಕ್ಕದಲ್ಲಿ ಕುಳಿತ ಬಾಲಕನು ಕಲಿಯುವುದು ಒಂದೇ: ಅಜ್ಜಿಯ ಮಾತು ನಗೆಗೆ ಮೀಸಲು. ಗಾಜನೂರು ಇಂದು ತಮಿಳುನಾಡಿನ ಗಡಿಯೊಳಗಿದ್ದರೂ ಚಾಮರಾಜನಗರದ ಮಗ್ಗುಲಲ್ಲೇ ಇದೆ. ಅಲ್ಲಿ ಹುಟ್ಟಿದ ಮುತ್ತುರಾಜನೆಂಬ ಹುಡುಗನು ಗುಬ್ಬಿ ವೀರಣ್ಣನವರ ಕಂಪೆನಿಯಲ್ಲಿ ಪಳಗಿ, 1954ರ ‘ಬೇಡರ ಕಣ್ಣಪ್ಪ’ದಿಂದ ರಾಜ್‌ಕುಮಾರ್ ಆಗಿ ಕನ್ನಡದ ನಾಲಗೆಯೆಂದೇ ಹೆಸರಾದನು. ಈ ಸೀಮೆಯ ಗಂಟಲಿಗೆ ಕನ್ನಡ ಬರುವುದಿಲ್ಲವೆಂದು ಯಾರೂ ಹೇಳಲಾರರು.

ಇನ್ನು ಕಾಡಿನ ವಿಷಯ. ಬಂಡೀಪುರವು ಹುಲಿ ಯೋಜನೆಗೆ ಸೇರಿದುದು 1973ರಲ್ಲಿ. ರಾಜ್‌ಕುಮಾರರು ಅರಣ್ಯಾಧಿಕಾರಿಯಾಗಿ ಅಭಿನಯಿಸಿದ ‘ಗಂಧದ ಗುಡಿ’ ಬಂದುದೂ ಆ ವರ್ಷವೇ. ಅವರ ಕಿರಿಯ ಮಗ ಪುನೀತರು ಕರ್ನಾಟಕದ ಕಾಡುಗಳನ್ನು ಸುತ್ತಿ ಮಾಡಿದ, ಅವರು ತೀರಿಕೊಂಡ ಮೇಲೆ 2022ರ ಅಕ್ಟೋಬರಿನಲ್ಲಿ ಹೊರಬಂದ ಚಿತ್ರಕ್ಕೂ ಅದೇ ಹೆಸರು. ಇವೆರಡನ್ನೂ ಒಂದರ ಪಕ್ಕದಲ್ಲಿ ಒಂದಿಟ್ಟು ನೋಡಿ, ಐವತ್ತು ವರ್ಷಗಳಲ್ಲಿ ಕಾಡು ಏನಾಯಿತು, ಕಾಡಿನ ಅಂಚಿನವರ ಬಾಳು ಏನಾಯಿತು, ಈ ಚಿತ್ರಗಳು ಅದರಲ್ಲಿ ಎಷ್ಟನ್ನು ಹೇಳಿದವು, ಎಷ್ಟನ್ನು ಮುಚ್ಚಿದವು ಎಂದು ವಿಮರ್ಶಿಸಲು ಗುಂಡ್ಲುಪೇಟೆಯವರಿಗಿಂತ ಹೆಚ್ಚಿನ ಅಧಿಕಾರ ಯಾರಿಗಿದೆ? ಆನೆ ಹೊಕ್ಕ ಹೊಲದಲ್ಲಿ ಬೆಳಗ್ಗೆ ನಿಂತವರು ಇಲ್ಲಿದ್ದಾರೆ. 2009ರಿಂದ ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರಕ್ಕೆ ತಡೆಯಿದೆಯೆಂಬುದನ್ನು ಇಲ್ಲಿಯ ಶಾಲೆಯ ಹುಡುಗನೂ ಬಲ್ಲ. ನಾಯಕನು ನಡುರಾತ್ರಿ ಆ ದಾರಿಯಲ್ಲಿ ನಾಯಿಕೆಯೊಡನೆ ಕಾರು ಓಡಿಸಿದರೆ “ಗೇಟು ತೆಗೆದವರಾರು?” ಎಂದು ಕೇಳಬಲ್ಲ ಪ್ರೇಕ್ಷಕನು ಬೆಂಗಳೂರಿನಲ್ಲಿ ಸಿಕ್ಕುವುದು ವಿರಳ. 2025ರ ಏಪ್ರಿಲಿನಲ್ಲಿ ಹಿಮವದ್ಗೋಪಾಲಸ್ವಾಮಿಯ ಬೆಟ್ಟದ ಮೇಲೆ ಮಲಯಾಳ ಚಿತ್ರವೊಂದರ ಚಿತ್ರೀಕರಣ ನಡೆದಾಗ ಆಕ್ಷೇಪಣೆಗಳು ಎದ್ದವು, ಪತ್ರಿಕೆಗಳಲ್ಲಿ ಚರ್ಚೆಯೂ ಆಯಿತು. ಅಂತಹ ಬೆಟ್ಟವೇ ಮಂಜಿನೊಡನೆ ನಡುಮನೆಯ ತೆರೆಗೆ ಬಂದಾಗ ಹೊರಡುವ ಮಾತು “ಲೊಕೇಶನ್ ಚೆನ್ನಾಗಿದೆ” ಎಂಬುದೊಂದೇ. ಈ ಮಾತನ್ನು ದೆಹಲಿಯವನೂ ಆಡಬಲ್ಲ. ಅದಕ್ಕೆ ಬೆಟ್ಟದ ಬುಡದಲ್ಲಿ ಮನೆ ಕಟ್ಟಿಕೊಂಡಿರಬೇಕಾದುದಿಲ್ಲ.

ಇದಕ್ಕೆ ಪಾಂಡಿತ್ಯ ಬೇಕು, ತಂತ್ರಜ್ಞಾನ ತಿಳಿದಿರಬೇಕು ಎಂದು ನುಣುಚಿಕೊಳ್ಳುವವರಿದ್ದಾರೆ. ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಆಷಾಢದ ಒಂದು ರಾತ್ರಿ. ರಸ್ತೆಯ ಎರಡು ಮಗ್ಗುಲಿಗೂ ಸೂರ್ಯಕಾಂತಿ, ಚೆಂಡುಹೂವು ಅರಳಿರುವ ಕಾಲ. ತೆರೆಯ ಮೇಲೆ ಅಂತಹುದೇ ಹೊಲವೊಂದರಲ್ಲಿ ಹಾಡು. ನಾಯಿಕೆಯು ಕೈ ಚಾಚಿ ಓಡುತ್ತಿದ್ದಾಳೆ, ನಾಯಕನು ಹಿಂದೆ. ಇಪ್ಪತ್ತು ಮಂದಿ ಕುಣಿಯುವವರು ಅವರ ಹಿಂದೆ. ಮಗನು “ಕಲರ್ ಸೂಪರ್” ಎನ್ನುತ್ತಾನೆ. ಸೊಸೆಯು, ಇವಳ ಸೀರೆ ಚೆನ್ನಾಗಿದೆ ಎನ್ನುತ್ತಾಳೆ. ಬಾಗಿಲ ಬಳಿ ಅವರೆಕಾಳು ಹಸನು ಮಾಡುತ್ತಿದ್ದ ಮುದುಕಿ ತಲೆಯೆತ್ತಿ ನೋಡಿ ಕೇಳುತ್ತಾಳೆ: “ಅಷ್ಟು ಬೆಳೆನೂ ತುಳ್ದಾಕ್ಬುಟ್ರಲ್ಲ ಕನಪ್ಪ, ಆ ಹೊಲದವ್ನು ಎಲ್ಗೋಗಿದ್ದ?”

ಎಲ್ಲರೂ ನಗುತ್ತಾರೆ. “ನೀನು ಸುಮ್ಕಿರವ್ವ” ಎಂದು ಮಗನು ಹೇಳಿ, ಮೊಬೈಲನ್ನು ಕೈಗೆತ್ತಿಕೊಂಡು, ಹತ್ತಕ್ಕೆ ಏಳು ಎಂದು ಬರೆದು ಕಳುಹಿಸುತ್ತಾನೆ.