ಗೀತಾ ಟೀಚರ್ ನಮ್ಮೋರು ಅಂತೀವಿ, ಖರೆ, ಓದೀವೇನು?

ಜೂನ್ ಕಡೀ ವಾರ ಬಂತಂದ್ರ ನಮ್ಮ ಓಣಿ ಹೆಣ್ಮಕ್ಕಳ ವಾಟ್ಸಾಪ್ ಗುಂಪಿನಾಗ ಗೀತಾ ನಾಗಭೂಷಣ ಅವರ ಫೋಟೋ ಬರ್ತದ. ಕೆಳಗ ಕೈ ಮುಗಿದ ಚಿತ್ರ, ಎರಡು ಹೂವು, 'ನಮ್ಮ ಕಲಬುರಗಿ ಹೆಮ್ಮೆ' ಅಂತ ಒಂದು ಸಾಲು. ಮರುದಿನ ಅದರ ಮ್ಯಾಲ ಶುಭೋದಯ, ಉಪ್ಪಿನಕಾಯಿ ಹಾಕೋ ರೀತಿ, ಕರೆಂಟ್ ಎಷ್ಟೊತ್ತಿಗೆ ಹೋಗ್ತದ ಅನ್ನೋ ಸುದ್ದಿ. ಅದು ತಪ್ಪಂತ ನಾ ಅನ್ನಂಗಿಲ್ಲ. ಆದ್ರ ಒಂದು ಮಾತು ಕೇಳಬೇಕನಿಸ್ತದ ಅಕ್ಕಗೋಳಿರಾ. ನಮ್ಮ ಬ್ರಹ್ಮಪುರದಾಗ ಎಷ್ಟು ಮನ್ಯಾಗ ಅವರ ಒಂದು ಪುಸ್ತಕರೆ ಅದ?

ಸಣ್ಣ ಪೋರಿಗೋಳಿಗೆ ಗೊತ್ತಿರಂಗಿಲ್ಲ, ಅದಕ್ಕ ಜರಾ ಹೇಳ್ತೀನಿ. ಅವರು ಹುಟ್ಟಿದ್ದು 1942ರಾಗ, ಇಲ್ಲೇ ಸಾವಳಗಿಯೊಳಗ. ಆಗ ನಮ್ಮ ಸೀಮಿ ನಿಜಾಮರ ಕೈಯಾಗ ಇತ್ತು. ತಂದೆ ಎಂ.ಎಸ್.ಕೆ. ಮಿಲ್ಲಿನ ಕೂಲಿಕಾರರು. ಮಿಲ್ಲು ಮುಚ್ಚಿ ಎಷ್ಟೋ ವರ್ಷ ಆತು, ಆ ಭಾಗಕ್ಕ ಮಾತ್ರ ಇನ್ನಾ ಅದೇ ಹೆಸರು, ಆಟೋದವಗ 'ಮಿಲ್ಲು' ಅಂದ್ರ ಸಾಕು. ಮಿಲ್ಲಿನ ಭೋಂಗಾ ಕೇಳಿ ಒಲಿ ಹಚ್ಚತಿದ್ವಿ ಅಂತ ನಮ್ಮ ಅತ್ತಿಯವರು ಹೇಳ್ತಿದ್ರು. ಅಂಥಾ ಕೂಲಿಕಾರರ ಮಗಳು ಓದಿ, ಮೊದಲು ಜಿಲ್ಲಾಧಿಕಾರಿ ಕಚೇರಿಯಾಗ ಗುಮಾಸ್ತಿಕಿ ಮಾಡಿ, ಆಮ್ಯಾಲ ನಾಗರೇಶ್ವರ ಶಾಲಿ ಸೇರಿ, ಅಲ್ಲೇ ಮುಖ್ಯೋಪಾಧ್ಯಾಯಿನಿ ಆದ್ರು. ಅವರ ಕೈಯಾಗ ಕಲ್ತ ಹೆಣ್ಮಕ್ಕಳು ಈಗ ಮೊಮ್ಮಕ್ಕಳನ್ನ ಕಂಡಾರ. ಊರಾಗ ಅವರು ಮೊದಲು ಟೀಚರ್, ಆಮ್ಯಾಲ ಲೇಖಕಿ.

ನೌಕರಿ ಮಾಡಿಕೋತ ಇಪ್ಪತ್ತೈದಕ್ಕೂ ಹೆಚ್ಚು ಕಾದಂಬರಿ ಬರೆದ್ರು. 'ಹಸಿಮಾಂಸ ಮತ್ತು ಹದ್ದುಗಳು' ಅನ್ನೋದು 'ಹೆಣ್ಣಿನ ಕೂಗು' ಅಂತ ಸಿನಿಮಾನೂ ಆತು. 2004ರಾಗ 'ಬದುಕು' ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆ ಪ್ರಶಸ್ತಿ 1955ರಿಂದ ಕೊಡಲಾಕತ್ತಾರ. ಅಲ್ಲಿಂದ ಸುಮಾರು ಐವತ್ತು ವರ್ಷ ಕನ್ನಡದ ಒಬ್ಬ ಹೆಣ್ಮಗಳಿಗೂ ಅದು ಬಂದಿದ್ದಿಲ್ಲ. ನಾವೆಲ್ಲಾ ಊಟ ಬಿಟ್ಟು ಓದಿದ ತ್ರಿವೇಣಿಗೆ ಬಂದಿದ್ದಿಲ್ಲ, ಎಂ.ಕೆ. ಇಂದಿರಾಗ ಬಂದಿದ್ದಿಲ್ಲ. ಮೊದಲು ಬಂದದ್ದು ಕಲಬುರಗಿ ಮಿಲ್ಲಿನ ಕೂಲಿಕಾರರ ಮಗಳಿಗೆ! 2010ರಾಗ ಗದಗಿನ ಸಾಹಿತ್ಯ ಸಮ್ಮೇಳನಕ್ಕೂ ಅವರೇ ಅಧ್ಯಕ್ಷರು.

ಮತ್ತ ಹೋದದ್ದು ಹೆಂಗ ನೋಡ್ರಿ. 2020ರ ಫೆಬ್ರುವರಿಯಾಗ ನಮ್ಮ ಊರಾಗೇ ಸಮ್ಮೇಳನ ಆತು. ಜನ ಅಂದ್ರ ಜನ, ರೊಟ್ಟಿ, ಹಿಂಡಿ, ಪುಸ್ತಕದ ಅಂಗಡಿ. ಮಾರ್ಚಿನಾಗ ದೇಶದಾಗಿನ ಮೊದಲ ಕೊರೊನಾ ಸಾವೂ ನಮ್ಮ ಊರಿಂದೇ ಆತು, ಬಾಗಲಾ ಎಲ್ಲಾ ಮುಚ್ಚಿದ್ವು. ಜೂನ್ 28ರ ರಾತ್ರಿ ಗೀತಾ ಟೀಚರ್ ಹೋದ್ರು. 78 ವರ್ಷ. ಊರಿಗೆ ಊರೇ ಸೇರಬೇಕಾದ ಹೆಣ್ಮಗಳು, ಆದ್ರ ನಾವು ಮಾರಿಗೆ ಅರಿವಿ ಕಟಗೊಂಡು ಮನ್ಯಾಗ ಕುಂತು ಟಿವಿಯಾಗ ಸುದ್ದಿ ಕೇಳಿದ್ವಿ. ಅವತ್ತು ಎದುರಾಬದುರಾ ಕುಂತು ಅವರ ಮಾತು ಆಡಲಿಲ್ಲ, ಆಮ್ಯಾಲೂ ಆಡಿಲ್ಲ. ಅದು ಬಾಕಿ ಉಳಿದದ ಅಂತ ನನಗನಿಸ್ತದ.

ಫೋಟೋ ಸಾಲಂಗಿಲ್ಲ ಅಂತ ನಾ ಅನ್ನಲಾಕ ಎರಡು ಕಾರಣ ಅವ.

ಒಂದು ನಮ್ಮ ಮಾತಿಂದು. ಬೆಂಗಳೂರಿನ ಬೀಗರು ಮನಿಗೆ ಬಂದ್ರ ಪೋರಿಗೆ ಕಣ್ಣ ಸನ್ನಿ ಮಾಡ್ತೀವಿ, 'ಹಂಗ ಮಾತಾಡಬ್ಯಾಡ, ಛಲೋತ್ನಂಗ ಮಾತಾಡು' ಅಂತ. ಆ ಪೋರಿ 'ಬರ್ಲಾಕತ್ತೀನಿ' ಅನ್ನೋದು ನುಂಗಿ 'ಬರ್ತಾ ಇದೀನಿ' ಅಂತದ. ಕಲಿಲಿ, ಎರಡೂ ಕಲಿಲಿ, ಬ್ಯಾಡಂದೋರು ಯಾರು? ಆದ್ರ ನಮ್ಮದು ಒರಟು, ಅವರದು ಛಂದ ಅಂತ ಸಣ್ಣ ಕೂಸಿನ ತಲಿಯಾಗ ಹಾಕೋರು ನಾವೇ, ತಾಯಂದ್ರು. ಇದೇ ಮಾತು, ಈ ಉರ್ದು ಕೂಡಿದ್ದು, ಬೈಗುಳ ಕೂಡಿದ್ದು, ಕಟ್ಟಿ ಮ್ಯಾಲ ಕುಂತು ಆಡೋದು, ಹೊಲದಾಗ ಕಳೇವು ತಗೀತ ಆಡೋದು, ಇದನ್ನೇ ಗೀತಾ ಟೀಚರ್ ಪುಸ್ತಕದಾಗ ಹಾಕಿದ್ರು. ಶಾಲಿಯಾಗ ವ್ಯಾಕರಣ ಬಲ್ಲೋರು, ಬೇಕಂದಿದ್ರ ಗ್ರಂಥದ ಕನ್ನಡ ಅವರಿಗೆ ಬರ್ತಿತ್ತು. ಆದ್ರೂ ನಮ್ಮ ಹಳ್ಳಿ ಹೆಣ್ಮಕ್ಕಳ ಬಾಯಿಗೆ ಬ್ಯಾರೆಯವರ ಮಾತು ಇಡಲಿಲ್ಲ.

ಎರಡನೇದು ಜರಾ ಖಾರ ಅದ, ಯಾರೂ ಸಿಟ್ಟಾಗಬ್ಯಾಡ್ರಿ. ಅವರು ಬರೆದದ್ದು ಯಾರ ಬದುಕು? ಊರ ಹೊರಗಿರೋರದು, ಕೂಲಿ ಮಾಡೋರದು, ದೇವರ ಹೆಸರಲೆ ಮೈ ಕಳಕೊಂಡ ಹೆಣ್ಮಕ್ಕಳದು, ಗೌಡರ ಕಣ್ಣಿಗೆ ಬಿದ್ದ ಬಡವರ ಮಕ್ಕಳದು. ಈಗ ನಮ್ಮ ಓಣಿಗೆ ಬರ್ರಿ. ಭಾಂಡೆ ತಿಕ್ಕಲಾಕ ಬರೋ ಹೆಣ್ಮಗಳಿಗೆ ಚಹಾ ಕೊಡೋ ಕಪ್ಪು ಇನ್ನಾ ಎಷ್ಟು ಮನ್ಯಾಗ ಬ್ಯಾರೆ ಅದ? ಹಿತ್ತಲ ಗ್ವಾಡಿ ಮ್ಯಾಲ ಡಬ್ಬು ಹಾಕಿಟ್ಟಿರ್ತಾರ, ಆಕಿನೇ ತೊಳಿಬೇಕು, ಆಕಿನೇ ಇಡಬೇಕು. ನಮ್ಮ ಭಾಂಡೆಲ್ಲಾ ಆಕಿ ಕೈಲೇ ತೊಳೀತಾವ, ಅದು ನಡೀತದ, ಆಕಿ ತುಟಿ ಹತ್ತಿದ ಕಪ್ಪು ಮಾತ್ರ ಒಳಗ ಬರಂಗಿಲ್ಲ. ಇದ್ಯಾವ ಲೆಕ್ಕ? ಹಿಂಗ ಇಟಗೊಂಡು, ಮೊಬೈಲಿನಾಗ ಗೀತಾ ಟೀಚರಿಗೆ ಹೂವು ಕಳಿಸಿದ್ರ ಅವರು ಎದುರಿಗಿದ್ರ ಏನಂತಿದ್ರೋ! ಟೀಚರ್ ಅಲ್ಲೇನು, ಸುಮ್ನ ಬಿಡ್ತಿದ್ದಿಲ್ಲ.

'ಅಂಥಾ ಕತಿ ಯಾಕ ಓದಬೇಕು, ಮನಸ್ಸಿಗೆ ತ್ರಾಸು' ಅಂತ ನಮ್ಮ ಚಿಕ್ಕಮ್ಮ ಒಬ್ಬರು ಅಂದ್ರು. ಧಾರಾವಾಹಿಯಾಗ ಸೊಸಿಗೆ ವಿಷ ಹಾಕೋದು ನೋಡಿದ್ರ ತ್ರಾಸಿಲ್ಲ ನೋಡ್ರಿ! ಆದ್ರ ಅವರ ಮಾತಿನಾಗೂ ಒಂದು ಖರೆ ಅದ. 'ಬದುಕು' ದಪ್ಪ ಪುಸ್ತಕ, ಒಬ್ಬಕಿನೇ ಓದಲಾಕ ಕುಂತ್ರ ಕುಕ್ಕರ್ ಸೀಟಿ ಹೊಡೀತದ, ಕೈ ಬಿಟ್ಟು ಹೋಗ್ತದ. ಕಣ್ಣು ಮಂಜಾದ ಮುತ್ಯಾ-ಆಯಿಗಳಿಗೆ ಅಕ್ಷರ ಕಾಣಂಗಿಲ್ಲ. ಕೂಡಿ ಓದಿದ್ರ ಬ್ಯಾರೆ. ಶ್ರಾವಣದಾಗ ಪುರಾಣ ಹಚ್ಚತೀವಲ್ಲ, ಒಬ್ಬರು ಓದತಾರ, ಉಳಿದವರು ಹೂಬತ್ತಿ ಹೊಸೀತ, ಶೇಂಗಾ ಸುಲೀತ ಕೇಳ್ತಾರ. ಹಂಗೇ ಇದನ್ನೂ ಓದಬಹುದು, ನಮ್ಮ ಮಾತಿನಾಗ ಬರೆದದ್ದು ಕಿವಿಗೇ ಛಲೋ ಕೇಳಸ್ತದ.

ಈ ಜೂನ್ 28ಕ್ಕ ಶುರು ಮಾಡೋಣು ಅಂತ ನಾನೂ ಬಾಜು ಮನಿ ಅಕ್ಕನೂ ಮಾತಾಡೀವಿ. ಮಧ್ಯಾಹ್ನ ಮೂರಕ್ಕ, ನಮ್ಮ ಪಡಸಾಲಿಯಾಗ. ಮನಿ ಕೆಲಸಕ್ಕ ಬರೋ ಹೆಣ್ಮಕ್ಕಳೂ ಬರಲಿ, ಅವರಿಗೂ ಚಾಪಿ ಹಾಸೇ ಇರ್ತದ, ನಡುವ. ಪುಸ್ತಕ ನನ್ನ ಹಂತ್ಯಾಕ ಒಂದದ, ಇನ್ನೊಂದು ಬೇಕು, ಯಾರ ಮನ್ಯಾಗರೆ ಇದ್ರ ತರ್ರಿ. ಮೊದಲನೇ ದಿನ ನನ್ನ ಮಗಳು ಓದತಾಳ. ಚಹಾ ನಾ ಮಾಡ್ತೀನಿ, ಚೂಡಾ ಯಾರರೆ ತರ್ರಿ. ಕಪ್ಪು ಎಲ್ಲಾ ಒಂದೇ ಟ್ರೇದಾಗ ಬರ್ತಾವ.