ಎರಡು ಕೇಬಲ್, ಒಂದೇ ಗುಂಡಿ!



ಭದ್ರಾವತಿಯ ಗಿರಾಕಿಗೆ ಮದುವೆ ಪತ್ರಿಕೆಯ ಪ್ರೂಫ್ ಕಳಿಸಬೇಕಿತ್ತು. ಶಿವಮೊಗ್ಗದ ನಮ್ಮ ಪ್ರೆಸ್ಸಿನಲ್ಲಿ ಇಂಟರ್‌ನೆಟ್ ಸತ್ತಿತ್ತು. ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂದು ಎರಡು ಕಂಪನಿಗೆ ದುಡ್ಡು ಕಟ್ಟುತ್ತೇವೆ. ಎರಡೂ ಒಟ್ಟಿಗೇ ಸತ್ತಿದ್ದವು! ಹುಡುಗ ಪ್ರೂಫ್ ಹಿಡಿದು ಬಸ್ಸು ಹತ್ತಿದ. ಆಮೇಲೆ ತಿಳಿಯಿತು: ಎರಡೂ ಕೇಬಲ್ ಒಂದೇ ಗುಂಡಿಯಲ್ಲಿದ್ದವು. ಜೆಸಿಬಿಯ ಒಂದೇ ಏಟಿಗೆ ಎರಡೂ ತುಂಡು!

ಈ ಕೇಬಲ್ಲಿನೊಳಗೆ ಇರುವುದು ಕೂದಲೆಳೆಯಷ್ಟು ತೆಳ್ಳಗಿನ ಗಾಜು. ಅದರಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಗಾಜಿನೆಳೆಯಲ್ಲಿ ಮಾತು ಸಾಗಿಸಬಹುದೆಂದು 1966ರಲ್ಲೇ ತೋರಿಸಿಕೊಟ್ಟ ಚಾರ್ಲ್ಸ್ ಕಾವೊ ಅವರಿಗೆ 2009ರಲ್ಲಿ ನೊಬೆಲ್ ಬಂತು. ಆದರೆ ವೇಗವೊಂದೇ ಸಾಲದು, ದಾರಿ ಬೇಕು!

ಒಂದೇ ಎಳೆಯಲ್ಲಿ ಹತ್ತಾರು ಬಣ್ಣದ ಬೆಳಕು ಒಟ್ಟಿಗೆ ಹೋಗುತ್ತದೆ. ಒಂದು ದಾರಿ ತುಂಡಾದರೆ ಇನ್ನೊಂದು ದಾರಿಯಲ್ಲಿ ಅದೇ ಬಣ್ಣ ಕೊನೆತನಕ ಖಾಲಿ ಇರಬೇಕು. ಬೆಂಗಳೂರಿಗೆ ಹೊರಟವನ ಸೀಟು ತರೀಕೆರೆಯಿಂದ ಬೇರೆಯವರಿಗೆ ಬುಕ್ ಆಗಿದ್ದರೆ ಹೇಗೆ? ಎದ್ದು ಬೇರೆ ಸೀಟು ಹುಡುಕಬೇಕು. ಬೆಳಕಿನ ಬಣ್ಣ ಬದಲಿಸಲೂ ಮಧ್ಯೆ ದುಬಾರಿ ಯಂತ್ರ ಬೇಕು. ಇಷ್ಟೆಲ್ಲ ಲೆಕ್ಕ ಹಾಕುವ ಕಂಪ್ಯೂಟರಿಗೆ ನಕ್ಷೆಯ ಎರಡು ಗೆರೆ ಎರಡು ದಾರಿಯಂತೆ ಕಾಣುತ್ತವೆ. ಗುಂಡಿ ಒಂದೇ ಎಂದು ಯಾರೂ ಬರೆದಿಡದಿದ್ದರೆ ಅದಕ್ಕೆ ಗೊತ್ತಾಗುವುದೆಂತು?

ನಮಗೆ ದಾರಿಗೇನು ಬರ? ಭದ್ರಾವತಿ, ಬೀರೂರು ಮೇಲೆ ಬೆಂಗಳೂರಿಗೊಂದು. ಹೊನ್ನಾಳಿ ಮೇಲೆ ದಾವಣಗೆರೆ ಕಡೆಗೊಂದು. ಆಗುಂಬೆ ಘಾಟಿ ಇಳಿದು ಉಡುಪಿಗೊಂದು. ಮೂರು ದಿಕ್ಕಿಗೂ ಬೇರೆ ಬೇರೆ ಕೇಬಲ್ ಹೋಗಿ ಒಂದಕ್ಕೊಂದು ಬೆಸೆದರೆ, ಒಂದು ಕಡೆ ಕಡಿದರೂ ಬೆಳಕು ಸುತ್ತಿ ಬರುತ್ತದೆ.

ಅಗೆಯುವ ಮುನ್ನ ಕೇಬಲ್ ಮಾಲೀಕರಿಗೆ ತಿಳಿಸಲೆಂದು ಕೇಂದ್ರ ಸರ್ಕಾರ 2023ರ ಮಾರ್ಚಿನಲ್ಲಿ ಒಂದು ಆ್ಯಪ್ ತಂದಿತು. ಒಳ್ಳೆಯದೇ. ಆದರೆ ಕೊನೆಗೆ ನೆಲಕ್ಕೆ ಕೈಹಾಕುವವನು ಜೆಸಿಬಿಯ ಹುಡುಗ. ಅವನಿಗೆ ಓದಲು ಬಾರದ ಭಾಷೆಯ ಎಚ್ಚರಿಕೆ ಇದ್ದರೆಷ್ಟು, ಬಿಟ್ಟರೆಷ್ಟು?

ಆದ್ದರಿಂದ ನಮ್ಮ ಒತ್ತಾಯ:

1. ಕೇಬಲ್ ಹೋದಲ್ಲೆಲ್ಲ ಗುರುತು ಕಲ್ಲು, ಎಚ್ಚರಿಕೆ ಪಟ್ಟಿ ಕನ್ನಡದಲ್ಲಿರಲಿ.
2. ಎರಡನೇ ದಾರಿ ಎಂದು ಹಣ ಪಡೆಯುವವರು ಎರಡನೇ ಗುಂಡಿಯನ್ನೂ ತೋರಿಸಲಿ.
3. ಎಳೆ ಬೆಸೆಯುವ ಕೆಲಸ ಇಲ್ಲಿನ ಹುಡುಗ ಹುಡುಗಿಯರಿಗೆ ಸಿಗಲಿ.

ವಿಶ್ವೇಶ್ವರಯ್ಯನವರ ಕಬ್ಬಿಣದ ಕಾರ್ಖಾನೆಯಲ್ಲಿ ಅದಿರು ಕರಗಿಸಿದವರ ಮಕ್ಕಳಿಗೆ ಗಾಜು ಬೆಸೆಯುವುದು ದೊಡ್ಡ ವಿದ್ಯೆಯೇ? ಕಲಿಯಿರಿ! ನಿಮ್ಮ ಬೀದಿ ಅಗೆಯುವಾಗ ಹೋಗಿ ನಿಲ್ಲಿ, ಕೇಳಿ, ಕನ್ನಡದಲ್ಲೇ ಕೇಳಿ!

ಜೈ ಕರ್ನಾಟಕ!